ಟಾಟು: ಕಟ್ಟಿದ ಕಥೆ, ಕೇಳಿದವರ ನಿಜ

2003ರ ಸುಮಾರಿಗೆ ಹೈಸ್ಕೂಲು, ಪಿಯುಸಿಯಲ್ಲಿದ್ದು ಎಂಟಿವಿ ನೋಡುತ್ತಿದ್ದವರಿಗೆ 'ಟಾಟು' ನೆನಪಿರಲೇಬೇಕು. ಶಾಲೆಯ ಯೂನಿಫಾರ್ಮಿನಲ್ಲಿ ಇಬ್ಬರು ರಷ್ಯನ್ ಹುಡುಗಿಯರು, ನಡುವೆ ತಂತಿಬೇಲಿ, ಬೇಲಿಯಾಚೆ ನಿಂತು ದಿಟ್ಟಿಸುವ ಜನ. ಅಪ್ಪ ಒಳಗೆ ಬಂದರೆ ಥಟ್ಟನೆ ಚಾನೆಲ್ ಬದಲಾಯಿಸುತ್ತಿದ್ದ ಹಾಡು ಅದು.

ಒಬ್ಬಳು ಲೆನಾ ಕಾತಿನಾ, ಇನ್ನೊಬ್ಬಳು ಯೂಲಿಯಾ ವೋಲ್ಕೋವಾ. ಇಬ್ಬರೂ ಮಾಸ್ಕೋದವರು, 'ನೆಪೊಸೆದಿ' ಎಂಬ ಮಕ್ಕಳ ತಂಡದಲ್ಲಿ ಹಾಡಿದ್ದವರು. ಜಾಹೀರಾತು ಲೋಕದ ಇವಾನ್ ಶಪೊವಾಲೊವ್ ಇವರನ್ನು ಆರಿಸಿ, ಪರಸ್ಪರ ಪ್ರೀತಿಸುವ ಹುಡುಗಿಯರು ಎಂಬ ಕಥೆ ಕಟ್ಟಿದ. 2000ದ ಕೊನೆಗೆ ಮೊದಲ ಹಾಡು ಬಂದಾಗ ಲೆನಾಗೆ 16, ಯೂಲಿಯಾಗೆ 15. ಆ ವಯಸ್ಸಿನ ಮಕ್ಕಳನ್ನು ದೊಡ್ಡವರ ಕಣ್ಣಿಗೆ ಸರಕಾಗಿ ಇಟ್ಟದ್ದು ದೊಡ್ಡವರೇ. ನಿಜವಾದ ವಿವಾದ ಅದೇ ಆಗಬೇಕಿತ್ತು.

ಟ್ರೆವರ್ ಹಾರ್ನ್ ನಿರ್ಮಾಣದಲ್ಲಿ ಆ ಹಾಡು ಇಂಗ್ಲಿಷಿಗೆ ಬಂತು. 2003ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್. ವಿಡಿಯೋ ನಿಲ್ಲಿಸಿ ಎಂಬ ಕೂಗೇ ಪುಕ್ಕಟೆ ಪ್ರಚಾರವಾಯಿತು. ಮೇ ತಿಂಗಳಲ್ಲಿ ರಿಗಾದ ಯೂರೋವಿಷನ್‌ನಲ್ಲಿ ರಷ್ಯಾ ಪರವಾಗಿ ಹಾಡಿ, ಗೆದ್ದ ಟರ್ಕಿಗಿಂತ ಬರೀ 3 ಅಂಕ ಕಡಿಮೆ ಪಡೆದು ಮೂರನೆಯವರಾದರು. ಆ ವರ್ಷ ಮುಗಿಯುವಷ್ಟರಲ್ಲಿ ರಷ್ಯನ್ ಟಿವಿಯ ಸಾಕ್ಷ್ಯಚಿತ್ರವೊಂದು ಗುಟ್ಟು ಬಿಚ್ಚಿತು: ಅವರು ಪ್ರೇಮಿಗಳಲ್ಲ. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ಡೆಮೊ ಭರ್ಜರಿ, ಹಿಂದೆ ಪ್ರಾಡಕ್ಟೇ ಇಲ್ಲ!

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಪುಣೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ಕಟಿಂಗ್ ಚಹಾ ಕುಡಿಯುತ್ತಾ ಒಮ್ಮೆ ಹೇಳಿದಳು: "ಅವರದು ನಾಟಕ ಇರಬಹುದು ಕಣೋ. ಆದರೆ ನನ್ನಂಥವರು ಲೋಕದಲ್ಲಿ ಇನ್ನೂ ಇದ್ದಾರೆ ಅಂತ ನನಗೆ ಮೊದಲು ಗೊತ್ತಾಗಿದ್ದು ಆ ಹಾಡಿನಿಂದಲೇ." ಆಗ ನಮ್ಮ ದೇಶದಲ್ಲಿ 377ನೇ ಕಲಮು ಇತ್ತು, ಸುಪ್ರೀಂ ಕೋರ್ಟು ಸಮ್ಮತಿಯ ಸಲಿಂಗ ಪ್ರೀತಿಯನ್ನು ಅಪರಾಧದಿಂದ ಬಿಡಿಸಿದ್ದು 2018ರಲ್ಲಿ. ಅಲ್ಲಿಯವರೆಗಿನ ಹದಿನೈದು ವರ್ಷ ಅವಳ ಪಾಲಿಗೆ ಇದ್ದದ್ದು ಇಂಥ ಚೂರುಪಾರು ಧೈರ್ಯವಷ್ಟೇ.

ರಷ್ಯಾ ಮಾತ್ರ ತಿರುಗಿ ನಡೆಯಿತು. ಸಲಿಂಗ ಸಂಬಂಧಗಳ ಬಗ್ಗೆ ಮಕ್ಕಳೆದುರು 'ಪ್ರಚಾರ' ಮಾಡುವುದನ್ನು 2013ರಲ್ಲಿ ನಿಷೇಧಿಸಿತು. ಮರುವರ್ಷವೇ ಸೋಚಿ ಒಲಿಂಪಿಕ್ಸಿನ ಉದ್ಘಾಟನೆಯ ದಿನ ಹಾಡಲು ಇದೇ ಟಾಟು ಜೋಡಿಯನ್ನು ಕರೆಯಿತು! ನಕಲಿಗೆ ವೇದಿಕೆ, ಅಸಲಿಗೆ ದಂಡ.

ಆ ವಿಡಿಯೋದ ಕೊನೆಯಲ್ಲಿ ಒಂದು ತಿರುವಿದೆ. ಬೇಲಿಯೊಳಗೆ ಸಿಕ್ಕಿಬಿದ್ದವರು ಹುಡುಗಿಯರಲ್ಲ, ನೋಡುತ್ತಾ ನಿಂತವರು. ಮಾರಾಟಕ್ಕೆಂದೇ ಮಾಡಿದ ವಿಡಿಯೋ ಅದು. ಆದರೂ ಇಷ್ಟು ಮಾತ್ರ ಸುಳ್ಳಲ್ಲ.