ಬೈಂದೂರಿನ ಲ್ಯಾಪ್‌ಟಾಪಿಗೆ ಬ್ರಹ್ಮಾವರದ ರ‍್ಯಾಮ್ ಕೂರುತ್ತಾ?

ಬೈಂದೂರಿನಲ್ಲಿರೋ ನನ್ನ ಚಿಕ್ಕಮ್ಮನ ಮಗನ ಹತ್ರ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಇದೆ. ಗೇಮಿಂಗ್ ಅನ್ನೋದು ಹೆಸರಿಗೆ ಮಾತ್ರ. ಮದುವೆ, ಗೃಹಪ್ರವೇಶ, ರಾತ್ರಿಯಿಡೀ ನಡೆಯೋ ಯಕ್ಷಗಾನ, ಇವುಗಳ ವೀಡಿಯೋ ಎಡಿಟ್ ಮಾಡಿಕೊಟ್ಟು ಕಾಲೇಜಿನ ಖರ್ಚು ತೂಗಿಸ್ಕೊಳ್ತಾನೆ ಹುಡುಗ. ಲ್ಯಾಪ್‌ಟಾಪ್ ಬಂದಿದ್ದು 8 ಜಿಬಿ ರ‍್ಯಾಮಿನ ಜೊತೆ. ವಿಂಡೋಸ್ 11, ಬ್ರೌಸರು, ಎಡಿಟಿಂಗ್ ಸಾಫ್ಟ್‌ವೇರ್ ಮೂರನ್ನೂ ಒಟ್ಟಿಗೆ ತೆರೆದರೆ ಮುಗೀತು, ಭಾಗವತರ ಬಾಯಿ ಒಂದು ಕಡೆ, ಪದ ಇನ್ನೊಂದು ಕಡೆ :)

ಬ್ರಹ್ಮಾವರದ ಅವನ ಗೆಳೆಯನ ಹತ್ರಾನೂ ಗೇಮಿಂಗ್ ಲ್ಯಾಪ್‌ಟಾಪೇ. ಇಬ್ಬರದ್ದೂ ಇಂಟೆಲ್ 12ನೇ ತಲೆಮಾರಿನ ಐ5, ಪ್ರೊಸೆಸರ್ ನಂಬರ್ ಕೂಡಾ ಒಂದೇ. ಗೆಳೆಯ 16 ಜಿಬಿಯ ಡಿಡಿಆರ್5 ಸ್ಟಿಕ್ ಹಾಕಿಸಿದ್ದ, ಚೆನ್ನಾಗಿ ಓಡ್ತಿದೆ ಅಂದ. ಇವನು ಅದನ್ನೇ ಆರ್ಡರ್ ಮಾಡೋಕೆ ಹೊರಟು ನನಗೊಂದು ಮಾತು ಕೇಳಿದ. "ಸ್ವಲ್ಪ ತಡಿ, ನಿನ್ನದ್ರಲ್ಲಿ ಈಗ ಏನಿದೆ ಅಂತ ನೋಡಿದ್ಯಾ?" ಅಂದೆ. "ಅಣ್ಣ, 16 ಜಿಬಿ ಅಂದ್ರೆ 16 ಜಿಬಿ ಅಲ್ದಾ? ಅದ್ರಗೆ ಮತ್ತೆಂತ ಕಾಂಬುಕ್ ಇತ್?" ಅಂದ.

ಕಾಣೋದು ಬಹಳ ಇದೆ ಮಾರಾಯ್ರೆ. ಜಿಬಿ ಅನ್ನೋದು ಕೊನೆಗೆ ನೋಡಬೇಕಾದ ಸಂಖ್ಯೆ.

2022ರಲ್ಲಿ ಬಂದ ಇಂಟೆಲ್ 12ನೇ ತಲೆಮಾರಿನ ಈ ಲ್ಯಾಪ್‌ಟಾಪ್ ಚಿಪ್‌ಗಳದ್ದೊಂದು ವಿಚಿತ್ರ. ಅವು ಡಿಡಿಆರ್4-3200 ಜೊತೆಗೂ ಸಂಸಾರ ಮಾಡುತ್ವೆ, ಡಿಡಿಆರ್5-4800 ಜೊತೆಗೂ ಮಾಡುತ್ವೆ. ಯಾವುದು ಅನ್ನೋದನ್ನ ತೀರ್ಮಾನಿಸೋದು ಲ್ಯಾಪ್‌ಟಾಪ್ ಕಂಪನಿ ಹಾಕಿರೋ ಮದರ್‌ಬೋರ್ಡು. ಹಾಗಾಗಿ ಪ್ರೊಸೆಸರ್ ಹೆಸರು ನೋಡಿ ರ‍್ಯಾಮ್ ತಗೊಳ್ಳೋದು ಅಂದ್ರೆ ಗೋತ್ರ ಒಂದೇ ಅಂತ ಚಪ್ಪಲಿ ಅಳತೆಯೂ ಒಂದೇ ಅಂದ್ಕೊಂಡ ಹಾಗೆ. ಎಎಮ್‌ಡಿಯವರದ್ದು ಇನ್ನೂ ಮಜಾ. ರೈಜನ್ 7530ಯು ಡಿಡಿಆರ್4 ಕಾಲದ್ದು, 7535ಎಚ್‌ಎಸ್ ಡಿಡಿಆರ್5 ಕಾಲದ್ದು. ಹೆಸರಲ್ಲಿ ಅಕ್ಕಪಕ್ಕದ ಮನೆ, ಒಳಗೆ ಒಂದಕ್ಕೊಂದು ಸಂಬಂಧವೇ ಇಲ್ಲ!

ಲ್ಯಾಪ್‌ಟಾಪಿನ ಡಿಡಿಆರ್4 ಸ್ಟಿಕ್ಕಿಗೆ 260 ಪಿನ್, 1.2 ವೋಲ್ಟ್. ಡಿಡಿಆರ್5ಗೆ 262 ಪಿನ್, 1.1 ವೋಲ್ಟ್. ಮಧ್ಯದ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತೆ, ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರೋದೇ ಇಲ್ಲ. ಬಲ ಹಾಕಿ ಒತ್ತಿದ್ರೆ ಹೋಗೋದು ಸ್ಲಾಟು.

ತಪ್ಪಾದ್ರೆ ವಾಪಸ್ ಮಾಡಿದ್ರಾಯ್ತು ಅಂತೀರಾ? 2025ರ ಕೊನೆಯಲ್ಲಿ ರ‍್ಯಾಮಿನ ಬೆಲೆ ಹೇಗೆ ಹಾರಿತು ಅಂತ ನಿಮಗೆ ಗೊತ್ತೇ ಇದೆ. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಮಾಡಿಕೊಡೋದ್ರಲ್ಲೇ ಲಾಭ ಜಾಸ್ತಿ. ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ, ನಮ್ಮಂಥವರು ಕೊಳ್ತಾ ಇದ್ದ ಕ್ರೂಶಿಯಲ್ ವ್ಯವಹಾರವನ್ನೇ ನಿಲ್ಲಿಸೋದಾಗಿ ಹೇಳಿಬಿಡ್ತು. ಇವನಿಗೆ ಒಂದು ಸ್ಟಿಕ್ ಅಂದ್ರೆ ನಾಲ್ಕು ಮದುವೆಯ ದುಡ್ಡು. ಪ್ಯಾಕೆಟ್ ಒಡೆದ ಮೇಲೆ ವಾಪಸ್ ತಗೊಳ್ಳಲ್ಲ ಅಂತ ಒಬ್ಬ ಆನ್‌ಲೈನ್ ಮಾರಾಟಗಾರ ಮೊದಲೇ ಬರೆದುಕೊಂಡಿದ್ದ. ಅಷ್ಟು ಬರೆಯೋ ಪುಣ್ಯಾತ್ಮ ಸ್ಟಿಕ್ಕಿನ ವಿವರವನ್ನ ಮಾತ್ರ ಸರಿಯಾಗಿ ಬರೆದಿರಲಿಲ್ಲ.

ಫೋನಲ್ಲೇ ಅವನ ಹತ್ರ ಟಾಸ್ಕ್ ಮ್ಯಾನೇಜರ್ ತೆಗೆಸಿದೆ. ಪರ್ಫಾರ್ಮೆನ್ಸ್ ಒಳಗೆ ಮೆಮೊರಿ ಒತ್ತಿದ್ರೆ ವೇಗ, ಎರಡರಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ, ಎಲ್ಲ ಕಾಣುತ್ತೆ. 3200, ಎರಡರಲ್ಲಿ ಒಂದು. ಅಲ್ಲಿಗೆ ಡಿಡಿಆರ್4 ಅನ್ನೋದು ಬಹುತೇಕ ಖಚಿತವಾಯ್ತು. ಆದ್ರೂ ಕುಂದಾಪುರದ ರಿಪೇರಿ ಅಂಗಡಿಗೆ ಹೋಗಿ ಹಿಂಬದಿ ಬಿಚ್ಚಿಸಿ ನೋಡು ಅಂದೆ. ಸ್ಟಿಕ್ಕಿನ ಚೀಟಿ ಸುಳ್ಳು ಹೇಳಲ್ಲ. ಪಿಸಿ4-3200ಎಎ-ಎಸ್ ಅಂತ ಇತ್ತು. ಪಿಸಿ4 ಅಂದ್ರೆ ಡಿಡಿಆರ್4, ಪಿಸಿ5 ಅಂದ್ರೆ ಡಿಡಿಆರ್5, ಕೊನೆಯ ಎಸ್ ಅಂದ್ರೆ ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್. ಕೆಲವು ಪ್ಯಾಕೆಟ್ ಮೇಲೆ ಪಿಸಿ4-25600 ಅಂತ ಇರುತ್ತೆ. ಹೆದರಬೇಡಿ, 3200ನ್ನ 8ರಿಂದ ಗುಣಿಸಿದ್ದು ಅಷ್ಟೇ, ಮಾಲು ಅದೇ. ಅಂಗಡಿಯವರು ಚೀಟಿ ತೋರಿಸಿ "ಹೆಸ್ರ್ ಒಂದೇ ಆರೂ ಮನಿ ಬೇರೆ ಅಲ್ದಾ" ಅಂದ್ರಂತೆ. ನಾನು ಅರ್ಧ ಗಂಟೆ ಹೇಳಿದ್ದನ್ನ ಒಂದೇ ಸಾಲಲ್ಲಿ ಮುಗಿಸಿದ್ರು!

ಬಿಚ್ಚಿ ನೋಡೋದಕ್ಕೆ ಇನ್ನೊಂದು ಕಾರಣ ಇದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಆಗ ಕೊಳ್ಳೋ ಪ್ರಶ್ನೆಯೇ ಇಲ್ಲ, ದುಡ್ಡು ಉಳೀತು.

ಮುಂದಿನ ಪ್ರಶ್ನೆ ವೇಗದ್ದು. ಎರಡು ಬೇರೆ ವೇಗದ ಸ್ಟಿಕ್ ಹಾಕಿದ್ರೆ ಎರಡೂ ನಿಧಾನದ್ದರ ಹೆಜ್ಜೆಗೆ ಇಳಿಯುತ್ವೆ. 2666ರದ್ದು ಅಗ್ಗ ಅಂತ ತಂದ್ರೆ ಹಳೇ 3200ಕ್ಕೂ ನಷ್ಟ. 3200ಕ್ಕಿಂತ ಜಾಸ್ತಿಯದು ತಂದ್ರೆ ಈ ಪ್ರೊಸೆಸರು ಡಿಡಿಆರ್4ನ್ನ ಅದಕ್ಕಿಂತ ಮೇಲೆ ಓಡಿಸೋದಿಲ್ಲ. ಕೆಲವು 'ಗೇಮಿಂಗ್' ಸ್ಟಿಕ್‌ಗಳ ಪೂರ್ತಿ ವೇಗ ಎಕ್ಸ್‌ಎಂಪಿ ಅನ್ನೋ ಸೆಟ್ಟಿಂಗ್ ಇದ್ರೆ ಮಾತ್ರ ಸಿಗುತ್ತೆ, ಎಷ್ಟೋ ಲ್ಯಾಪ್‌ಟಾಪುಗಳ ಬಯಾಸ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. 1.2 ವೋಲ್ಟಿನ, ಸಿಎಲ್22ರ ಸಾದಾ 3200 ಸಾಕು. ಬಣ್ಣಬಣ್ಣದ ಹೊದಿಕೆ ಲ್ಯಾಪ್‌ಟಾಪಿನ ಒಳಗೆ ನೋಡೋರು ಯಾರು?

ಹಳೇ 8 ತೆಗೆದು 16ರ ಜೋಡಿ ಹಾಕೋದು ಚೆಂದ, ಒಪ್ತೀನಿ. ಆದ್ರೆ ಈ ಬೆಲೆಯಲ್ಲಿ ಬೇಡ ಅಂದೆ. ಹಳೇ 8ರ ಪಕ್ಕ ಒಂದೇ ಒಂದು 16. ಒಟ್ಟು 24 ಜಿಬಿ. ಎರಡರಲ್ಲೂ ಎಂಟೆಂಟು ಜಿಬಿ ಜೋಡಿಯಾಗಿ ಡ್ಯುಯಲ್ ಚಾನೆಲ್ಲಿನಲ್ಲಿ ಓಡುತ್ತೆ, ಉಳಿದ ಎಂಟು ಒಂಟಿಯಾಗಿ. ಜೋಡಿ ಒಂದೇ ಥರ ಇರ್ಲೇಬೇಕು ಅನ್ನೋರು ಅನ್ನಲಿ, ಒಂಟಿ ಸ್ಟಿಕ್ಕಿಗಿಂತ ಇದು ಎಷ್ಟೋ ವಾಸಿ.

ಕೂರಿಸುವಾಗ ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಕಚ್ಚು ಹೊಂದಿಸಿ, ಓರೆಯಾಗಿ ಒಳಗೆ ತಳ್ಳಿ, ಎರಡೂ ಬದಿಯ ಕ್ಲಿಪ್ ಟಕ್ ಅನ್ನೋವರೆಗೆ ಕೆಳಗೆ ಒತ್ತಬೇಕು. ನಮ್ಮೂರಿನ ಉಪ್ಪುಗಾಳಿಗೆ ಹಳೇ ಸ್ಟಿಕ್ಕಿನ ಪಿನ್ ಮಂಕಾಗಿದ್ರೆ ರಬ್ಬರ್ ಹಾಕಿ ತಿಕ್ಕೋ ಬದಲು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಇನ್ನು ಡಿಡಿಆರ್5 ಹಾಕೋರಿಗೆ ಒಂದು ಮಾತು: ಮೊದಲ ಸಲ ಆನ್ ಮಾಡಿದಾಗ ಪರದೆ ಒಂದೆರಡು ನಿಮಿಷ ಕಪ್ಪಗೇ ಇರಬಹುದು. ಅದು ಮೆಮೊರಿ ಪರಿಚಯ ಮಾಡ್ಕೊಳ್ಳೋ ಹೊತ್ತು, ಗಾಬರಿಯಾಗಿ ಬಟನ್ ಒತ್ತಬೇಡಿ.

ಇವನ ಸ್ಟಿಕ್ ಮೊನ್ನೆ ಬಂತು. ಟಾಸ್ಕ್ ಮ್ಯಾನೇಜರಿನಲ್ಲಿ 24 ಜಿಬಿ, 3200 ಎರಡೂ ಸರಿಯಾಗಿ ಕಾಣ್ತಿದೆ. ಇವತ್ತು ರಾತ್ರಿ ಚಾರ್ಜರ್ ಹಾಕಿಟ್ಟು ಮೆಮ್‌ಟೆಸ್ಟ್86 ಓಡಿಸೋಕೆ ಹೇಳಿದ್ದೀನಿ. ಒಂದೇ ಒಂದು ಎರರ್ ಬಂದ್ರೂ ನಾಳೆ ಬೆಳಿಗ್ಗೆಯೇ ಬದಲಿ ಕೊಡಿ ಅಂತ ಕೇಳೋದು, ಗಡುವು ಇರೋದು ಇನ್ನು ಐದೇ ದಿನ.