ರೆಪ್ಪೆಯ ರಜೆ

ರಜೆ ಮುಗಿದು ಶಾಲೆ ತೆರೆದೊಡನೆ ‘ನಾನು ರಜೆಯನ್ನು ಕಳೆದ ಬಗೆ’ ಎಂದು ಪ್ರಬಂಧ ಬರೆಯಿಸುವುದು ಕನ್ನಡ ಅಧ್ಯಾಪಕರ ಹಳೆಯ ಪದ್ಧತಿ. ಹೋದ ದೀಪಾವಳಿಯ ತರುವಾಯ ವಿದ್ಯಾರ್ಥಿಯೊಬ್ಬನು, “ಗುರುಗಳೇ, ತಾವು ರಜೆಯನ್ನು ಹೇಗೆ ಕಳೆದಿರಿ?” ಎಂದು ನಮ್ಮನ್ನೇ ಕೇಳಿದನು. ಅಂದು ನಕ್ಕು ಸುಮ್ಮನಾದೆವು. ಉತ್ತರವನ್ನು ಇಂದು ಬರೆಯುತ್ತಿದ್ದೇವೆ.

ನಮ್ಮ ಎಡಗಣ್ಣಿನ ಮೇಲ್ರೆಪ್ಪೆ ಹುಟ್ಟಿನಿಂದಲೇ ಜೋತುಬಿದ್ದುದು. ಕರಿಹಲಗೆಯ ಮೇಲಿನ ಸಾಲನ್ನು ಕಾಣಬೇಕಾದರೆ ಹುಬ್ಬೇರಿಸಿ, ಗದ್ದವನ್ನೆತ್ತಿ ನಿಲ್ಲಬೇಕಾಗುತ್ತಿತ್ತು. ಗದ್ದವನ್ನು ನೋಡಿದವರು ಗರ್ವವೆಂದರು. ರೆಪ್ಪೆಯನ್ನು ನೋಡಿದವರು ನಿದ್ರೆಯೆಂದರು. ‘ತೂಕಡಿಕೆ ಮಾಸ್ತರು’ ಎಂಬ ಬಿರುದು ಹಿಂದಿನ ಬೆಂಚಿನಿಂದ ನಮ್ಮ ಕಿವಿಗೂ ಬಿದ್ದಿತ್ತು.

ದಿನವೂ ಸಂಜೆ ಹಣೆ ನೋಯತೊಡಗಿದಾಗ ನೇತ್ರವೈದ್ಯರ ಬಳಿಗೆ ಹೋದೆವು. ರೆಪ್ಪೆಯನ್ನೆತ್ತುವ ಸ್ನಾಯು ದುರ್ಬಲವಾಗಿದೆ, ಶಸ್ತ್ರಚಿಕಿತ್ಸೆಯಿಂದ ಅದನ್ನು ಬಿಗಿಗೊಳಿಸಬಹುದು ಎಂದರು. ಚಂದಕ್ಕಾಗಿ ಮುಖವನ್ನು ಕತ್ತರಿಗೆ ಒಡ್ಡುವುದೇ ಎಂದು ನಾಚಿದೆವು. ಆದರೆ ಸುಶ್ರುತಸಂಹಿತೆಯು ಎಣಿಸಿದ 76 ನೇತ್ರರೋಗಗಳಲ್ಲಿ 21 ರೆಪ್ಪೆಗೆ ಸೇರಿದವು ಎಂಬುದನ್ನು ನೆನೆದಾಗ, ಇದು ಬರಿಯ ಅಲಂಕಾರದ ಚಿಂತೆಯಲ್ಲವೆಂದು ಧೈರ್ಯವಾಯಿತು.

ಇನ್ನು ದಿನ ಗೊತ್ತುಮಾಡುವ ಮಾತು. ಹೊಲಿಗೆ ಬಿಚ್ಚಲು ಒಂದು ವಾರ, ಬಾವು ಇಳಿಯಲು ಎರಡು ವಾರ ಎಂಬುದು ವೈದ್ಯರ ಲೆಕ್ಕ. ಮೇ ತಿಂಗಳ ರಜೆ ದೀರ್ಘವಾದುದು. ಆದರೆ ಅದು ಊರಿನ ಮದುವೆಗಳ ಕಾಲ. ಮೇಲಾಗಿ ಮುಂಬಯಿಯ ಆ ಬೆವರಿನಲ್ಲಿ ಕಣ್ಣೊರಸಿಕೊಳ್ಳದೆ ಇರಲಾಗದು. ದೀಪಾವಳಿಯ ರಜೆ ಮೂರೇ ವಾರ. ಜೊತೆಗೆ ಪಟಾಕಿಯ ಹೊಗೆ. ಹಬ್ಬ ಕಳೆಯಲೆಂದರೆ ದಿನಗಳು ಸಾಲವು. ಆದುದರಿಂದ ದೀಪಾವಳಿ ರಜೆಯ ಮೊದಲನೆಯ ದಿನವನ್ನೇ ಆರಿಸಿ, ಉತ್ತರಪತ್ರಿಕೆಗಳನ್ನೆಲ್ಲ ಮುಂಚೆಯೇ ತಿದ್ದಿ ಮುಗಿಸಿದೆವು.

ಹಬ್ಬಕ್ಕೆ ಊರಿಗೆ ಬಾರೆವೆಂದು ಅವ್ವನಿಗೆ ಹೇಳಬೇಕಲ್ಲ! ಶಾಲೆಯ ಕೆಲಸವೆಂದು ಸುಳ್ಳಾಡಲು ನಾಲಗೆ ಹೊರಳಲಿಲ್ಲ. ಫೋನಿನಲ್ಲಿ ನಿಜವನ್ನೇ ಹೇಳಿದೆವು. ಬಹಳ ಹೊತ್ತು ಮೌನ. ಆಮೇಲೆ, “ಗ್ರಹಣದ ದಿನ ನಾ ಹೊರಗ ಬಂದಿದ್ದೆ, ತಮ್ಮಾ. ನನ್ನಿಂದ ನಿನಗ ಹಿಂಗಾತು” ಎಂದಳು. ಮೂವತ್ತೈದು ವರ್ಷ ಆಕೆ ಈ ಮಾತನ್ನು ಒಡಲಲ್ಲಿಟ್ಟುಕೊಂಡಿದ್ದಳು! ಸ್ನಾಯು ಸರಿಯಾಗಿ ಬೆಳೆಯದೆ ಹೀಗಾದುದು, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ತಿಳಿಸಿದೆವು. ನಂಬಿದಳೋ ಇಲ್ಲವೋ, ಮರುವಾರವೇ ಗಾಡಿ ಹತ್ತಿ ಬಂದಳು.

ಶಸ್ತ್ರಚಿಕಿತ್ಸೆ ಒಂದು ಗಂಟೆಯದು. ರೆಪ್ಪೆಗೆ ಮಾತ್ರ ಅರಿವಳಿಕೆ ಕೊಟ್ಟಿದ್ದರು. ನಾವು ಎಚ್ಚರವಾಗಿಯೇ ಇದ್ದೆವು. ನಡುವೆ ಕಣ್ಣು ತೆರೆಯಿಸಿ, ಎರಡೂ ರೆಪ್ಪೆಗಳ ಎತ್ತರವನ್ನು ಹೋಲಿಸಿ ನೋಡಿದರು. ಪರೀಕ್ಷೆಗೆ ಕುಳಿತ ಬಾಲಕನಂತೆ ನಾವು ಹೇಳಿದತ್ತ ನೋಡಿದೆವು.

ಮೊದಲೆರಡು ದಿನ ಬರ್ಫದ ತಂಪು, ತಲೆಗೆ ಎರಡು ದಿಂಬು. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣುಜ್ಜಬಾರದು. ನರಕ ಚತುರ್ದಶಿಯ ಅಭ್ಯಂಗವೂ ಕೊರಳಿನ ಕೆಳಗಷ್ಟೇ! ಕೊಡ ಹೊರುವ ಕೆಲಸ ಅವ್ವನ ಪಾಲಾಯಿತು. ಅವಳು ಊರಿನಿಂದ ತಂದಿದ್ದ ಔಡಲೆಣ್ಣೆಯನ್ನು ಕಣ್ಣಿಗೆ ಹಚ್ಚದಂತೆ ತಡೆಯುವುದೇ ನಮ್ಮ ಪಾಲಿನ ದೊಡ್ಡ ಕೆಲಸ. ಚಾಳಿನ ಹುಡುಗರು ಯಾರೂ ಹೇಳದೆಯೇ ಪಟಾಕಿಗಳನ್ನು ಓಣಿಯ ಆಚೆಯ ತುದಿಗೆ ಒಯ್ದು ಹಾರಿಸಿದರು. ಅವರಲ್ಲಿ ಹಿಂದಿನ ಬೆಂಚಿನವರೂ ಇದ್ದರು.

ಹೊಲಿಗೆ ಬಿಚ್ಚಿದ ದಿನ ಅವ್ವ ನಮ್ಮ ಮುಖವನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಗ್ರಹಣದ ಮಾತನ್ನು ಮತ್ತೆ ಎತ್ತಲಿಲ್ಲ. ಎರಡು ರೆಪ್ಪೆಗಳು ಇಂದಿಗೂ ಸರಿಸಮವಾಗಿಲ್ಲ. ಕೆಲವು ವಾರ ಮಲಗಿದಾಗ ಎಡಗಣ್ಣು ಕೂದಲೆಳೆಯಷ್ಟು ತೆರೆದೇ ಇರುತ್ತಿತ್ತು, ಅದಕ್ಕೆ ಮುಲಾಮು ಹಾಕಿಕೊಳ್ಳುತ್ತಿದ್ದೆವು. ಆದರೆ ಈಗ ಗದ್ದವೆತ್ತದೆ ಕರಿಹಲಗೆಯ ಮೇಲಿನ ಸಾಲು ಕಾಣುತ್ತದೆ. ಹಿಂದಿನ ಬೆಂಚೂ ಕಾಣುತ್ತದೆ.

ಮಕ್ಕಳೇ, ವೈದ್ಯರು ಹೇಳಿದ ಒಂದು ಮಾತನ್ನು ನಿಮಗೂ ಹೇಳುತ್ತೇವೆ. ಎಳೆಯ ಮಗುವಿನ ಕಣ್ಣಿನ ಪಾಪೆಯನ್ನು ರೆಪ್ಪೆ ಮುಚ್ಚಿಕೊಂಡಿದ್ದರೆ, ಆ ಕಣ್ಣು ನೋಡುವುದನ್ನೇ ಕಲಿಯದೆ ಉಳಿಯಬಹುದು. ನಮ್ಮ ಕಣ್ಣು ಪಾರಾದುದು ನಮ್ಮ ಪುಣ್ಯ. ನಿಮ್ಮ ಮನೆಯಲ್ಲಿ ಅಂತಹ ತಮ್ಮನೋ ತಂಗಿಯೋ ಇದ್ದರೆ ರಜೆಯ ದಾರಿ ಕಾಯದೆ ವೈದ್ಯರಿಗೆ ತೋರಿಸಲು ಹಿರಿಯರಿಗೆ ಹೇಳಿರಿ. ‘ತೂಕಡಿಕೆ ಮಾಸ್ತರು’ ಎಂಬ ಬಿರುದು ಈಗ ಬರಿದಾಗಿದೆ. ಅದನ್ನು ಇನ್ನಾರಿಗೂ ಕೊಡಬೇಡಿರಿ.