ವಿಪ್ ಬಂದ ಮೇಲೆ ವಾದ ಯಾರಿಗೆ?

ಸದನದಲ್ಲಿ ಒಳ್ಳೆಯ ಚರ್ಚೆಯೇ ಆಗಲ್ಲ ಅಂತ ಗೊಣಗುತ್ತೇವೆ. ಆದರೆ ಆಗಿ ಏನು ಪ್ರಯೋಜನ? 1985ರ 52ನೇ ತಿದ್ದುಪಡಿ ಪಕ್ಷಾಂತರ ತಡೆಯಲೆಂದು ಸಂವಿಧಾನಕ್ಕೆ 10ನೇ ಅನುಸೂಚಿ ಸೇರಿಸಿದಂದಿನಿಂದ, ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ, ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಎದುರು ಸಾಲಿನವರು ಎಷ್ಟೇ ಚೆನ್ನಾಗಿ ವಾದಿಸಲಿ, ಕೇಳಿದವರ ಮನಸ್ಸು ಬದಲಾಗಬಹುದು, ಮತ ಬದಲಾಗುವಂತಿಲ್ಲ. ನಾವು ಆರಿಸಿ ಕಳಿಸಿದ್ದು ಯೋಚಿಸುವುದಕ್ಕೋ, ತಲೆ ಎಣಿಕೆಗೋ?

1992ರ ಕಿಹೊಟೊ ಹೊಲ್ಲೊಹಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರದ ಅಳಿವು-ಉಳಿವು ಅಥವಾ ಪಕ್ಷದ ಮೂಲನೀತಿಯ ಪ್ರಶ್ನೆ ಬಂದಾಗಷ್ಟೇ ಇಂಥ ವಿಪ್ ಇರಲಿ ಅಂದಿತ್ತು. ಕೇಳಿದವರು ಯಾರು!

ಹೋಗಲಿ, ಪಕ್ಷಾಂತರವಾದರೂ ನಿಂತಿತೇ? 2019ರಲ್ಲಿ ಅನರ್ಹರಾದ ನಮ್ಮ ಕರ್ನಾಟಕದ 17 ಶಾಸಕರಲ್ಲಿ ಹಲವರು ಉಪಚುನಾವಣೆ ಗೆದ್ದು ಮರಳಿದರು, ಕೆಲವರು ಮಂತ್ರಿಯೂ ಆದರು.